ನಲವತ್ತೊಂದನೇ ಕಂಬದ ಸ್ಪೀಕರ್

ನಾನು ಒಂದು ಸ್ಪೀಕರ್. ಊಟದ ಡಬ್ಬಿಯಷ್ಟು ಗಾತ್ರದ ಅಲ್ಯುಮಿನಿಯಂ ಮೈ, ಒಳಗೆ ಕಾಗದದ ಶಂಕು, ಹೊಟ್ಟೆಯ ಮೇಲೆ ದನಿ ಏರಿಸಿ ಇಳಿಸುವ ಗುಂಡಿ, ಬೆನ್ನಿಗೊಂದು ಕೊಕ್ಕೆ. ನನ್ನಂಥ ಇನ್ನೂರು ಮಂದಿಯನ್ನು ಒಣಹುಲ್ಲಿನ ಪೆಟ್ಟಿಗೆಗಳಲ್ಲಿ ಮಲಗಿಸಿ ಹುಬ್ಬಳ್ಳಿಗೆ ಕಳಿಸಿದರು.

ಊರ ಹೊರಗೆ, ಕಾರಿನಲ್ಲೇ ಕೂತು ಸಿನಿಮಾ ನೋಡುವ ಒಂದು ಬಯಲು. ಅದರ ತುದಿಯಲ್ಲಿ ಎತ್ತರದ ಬಿಳಿ ಗೋಡೆ. ಕಾರುಗಳ ಮೂತಿ ತುಸು ಮೇಲೆದ್ದು ನಿಲ್ಲುವಂತೆ ಎದುರಿಗೆ ಮಣ್ಣಿನ ಏರಿಗಳು, ಏರಿಯುದ್ದಕ್ಕೂ ಕಂಬಗಳು. ಪ್ರತಿ ಕಂಬಕ್ಕೂ ನಮ್ಮವರು ಇಬ್ಬರು, ಆ ಕಡೆಯ ಕಾರಿಗೊಬ್ಬ, ಈ ಕಡೆಯ ಕಾರಿಗೊಬ್ಬ. ನನ್ನದು ನಲವತ್ತೊಂದನೇ ಕಂಬ. ಕತ್ತಲಾದ ಮೇಲೆ ಗೋಡೆಯ ಮೇಲೆ ಚಿತ್ರ ಮೂಕವಾಗಿ ಓಡುತ್ತಿತ್ತು. ಯಂತ್ರದ ಕೋಣೆಯಿಂದ ನೆಲದೊಳಗಿನ ತಂತಿಯಲ್ಲಿ ಬಂದ ಮಾತನ್ನು, ಕಾರಿನ ಗಾಜಿಗೆ ತೂಗಿಕೊಂಡು ನಾನು ಒಳಗೆ ನುಡಿಯುತ್ತಿದ್ದೆ. ರೊಟ್ಟಿ ಬುತ್ತಿ, ದಿಂಬು, ದುಪ್ಪಟಿ ಸಮೇತ ಸಂಸಾರಗಳು ಬರುತ್ತಿದ್ದವು. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆಹೋದರೆ ಯಾರಾದರೊಬ್ಬ ತಾಯಿಯ ಕೈ ಮೆಲ್ಲಗೆ ನನ್ನ ಗುಂಡಿ ತಿರುಗಿಸಿ ದನಿ ಇಳಿಸುತ್ತಿತ್ತು.

ಚಿತ್ರ ಮುಗಿದಾಗ ಮಾತ್ರ ನಮಗೆ ಗಂಡಾಂತರ. ನಮ್ಮನ್ನು ಗಾಜಿನಿಂದ ಇಳಿಸುವುದನ್ನೇ ಮರೆತು ಕಾರು ಬಿಡುವವರು ದಿನಕ್ಕೊಬ್ಬರಾದರೂ ಇರುತ್ತಿದ್ದರು. ಕಾರುಗಳ ನಡುವೆ ಶೇಂಗಾ ಮಾರುತ್ತಿದ್ದ ನೀಲವ್ವ ಕೂಗುತ್ತಿದ್ದಳು: "ಸಾಹೇಬ್ರ, ಹೆಂಡ್ತಿನ್ನ ಕೂಡಿಸ್ಕೊಂಡೀರಿ, ಚಲೋ ಆತು. ನಮ್ಮ ಪೆಟ್ಟಿಗಿ ಬಿಟ್ಟು ಹೋಗ್ರಿ."

ಹರಿದ ತಂತಿ ಬೆಸೆಯುವವನು ಅವಳ ಗಂಡ ಫಕೀರಪ್ಪ. ಸಂಜೆ ಬೆಳಕಿರುವಾಗಲೇ ಯಂತ್ರದ ಕೋಣೆಯಲ್ಲಿ ಹಾಡಿನ ತಟ್ಟೆ ಹಾಕುತ್ತಿದ್ದರು. ಅವನು ಇನ್ನೂರು ಸ್ಪೀಕರ್‌ಗಳಿಗೂ ಕಿವಿಗೊಟ್ಟು ಬರುತ್ತಿದ್ದ. ಕೆಲವು ವರ್ಷ ಕಳೆದ ಮೇಲೆ ಅವನ ಕಿವಿ ನನ್ನ ಮೈಗೆ ಹೆಚ್ಚು ಹೊತ್ತು ಒತ್ತತೊಡಗಿತು. ಆಮೇಲೆ ಕಿವಿ ಬರಲೇ ಇಲ್ಲ, ಅಂಗೈ ಬಂತು. ದನಿ ಸರಿಯಿದ್ದರೆ ನನ್ನ ಮೈ ಬೆಕ್ಕಿನ ಹಾಗೆ ಸಮನಾಗಿ ಗುರುಗುಡುತ್ತದೆ. ಶಂಕು ಹರಿದಿದ್ದರೆ ಕೈಗೆ ಮರಳು ಉಜ್ಜಿದ ಹಾಗಾಗುತ್ತದೆ. ಅಷ್ಟರಲ್ಲೇ ಅವನು ಪತ್ತೆ ಹಚ್ಚುತ್ತಿದ್ದ. ಕಿವುಡನೆಂದು ತಿಳಿದರೆ ಕೆಲಸ ಹೋಗುತ್ತದೆಂದು ನೀಲವ್ವನೊಬ್ಬಳನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಅವಳೇ ಅಡ್ಡ ಬಂದು ಉತ್ತರ ಕೊಡುತ್ತಿದ್ದಳು.

ಮ್ಯಾನೇಜರ್ ತಿಮ್ಮಾಪುರ ಅವರಿಗೆ ಅನುಮಾನ ಬಂತು. "ನಿನ್ನ ಗಂಡನ್ನ ಕೇಳಾಕತ್ತೀನಿ, ನೀ ಯಾಕ ಹೇಳ್ತಿ?"

"ಅವ್ರು ಮಾತಾಡಿದ್ರ ಮುತ್ತು ಉದುರ್ತಾವ್ರಿ. ಅದಕ್ಕ ಉಳಿಸಿ ಇಟ್ಟೇನಿ."

ಒಂದು ಸಂಜೆ ಅವರು ನೀಲವ್ವನನ್ನು ಗೇಟಿನತ್ತ ಕಳಿಸಿ, ಫಕೀರಪ್ಪನನ್ನು ನನ್ನ ಕಂಬದ ಹತ್ತಿರ ನಿಲ್ಲಿಸಿದರು. ಅದಕ್ಕೂ ಮುಂಚೆ ಯಂತ್ರದ ಕೋಣೆಯಲ್ಲಿ ದನಿಯ ಸ್ವಿಚ್ಚು ಆರಿಸಲು ಹೇಳಿ ಬಂದಿದ್ದರು. ನನ್ನತ್ತ ಬೆರಳು ತೋರಿ, "ಇದರ ದನಿ ಹೆಂಗೈತಿ ಹೇಳು" ಎಂದರು.

ನಾನು ಮೂಕನಾಗಿದ್ದೆ. ಚಲೋ ಐತ್ರಿ ಎಂದುಬಿಟ್ಟರೆ ಅವನ ಅನ್ನ ಹೋಯಿತು. ತುಸುವಾದರೂ ನಡುಗೋಣವೆಂದರೆ ನನ್ನ ಕೈಯಲ್ಲೇನಿದೆ?

ಫಕೀರಪ್ಪ ನನ್ನ ಮೇಲೆ ಅಂಗೈ ಇಟ್ಟ. ಹುಬ್ಬು ಗಂಟಿಕ್ಕಿದ. ನನ್ನ ಜೊತೆಗಾರನ ಮೇಲಿಟ್ಟ. ಪಕ್ಕದ ಕಂಬಕ್ಕೂ ನಡೆದುಹೋಗಿ ಕೈಯಿಟ್ಟು ಬಂದ.

"ಎಲ್ಲಾ ಸತ್ತಾವ್ರಿ. ಇವುಗಳ ತಪ್ಪಲ್ಲ. ಮ್ಯಾಲೆ ಖೋಲ್ಯಾಗ ಯಾರೋ ಸ್ವಿಚ್ ಆರಿಸ್ಯಾರ."

ತಿಮ್ಮಾಪುರ ಅವನ ಕೈಯನ್ನೇ ನೋಡಿದರು. ಆಮೇಲೆ ಅವನ ಬೆನ್ನ ಹಿಂದೆ ಹೋಗಿ ಜೋರಾಗಿಯೇ ಕರೆದರು: "ಫಕೀರಪ್ಪಾ." ಅವನು ನನ್ನ ಸ್ಕ್ರೂ ಬಿಗಿ ಮಾಡುತ್ತಲೇ ಇದ್ದ. ಅವರು ಮತ್ತೆ ಕರೆಯದೆ ಹೊರಟುಹೋದರು. ಅಂದಿನಿಂದ ಅವನ ಜೊತೆ ಮಾತಾಡುವಾಗಲೆಲ್ಲ ಅವನ ಎದುರಿಗೇ ನಿಂತು, ನಿಧಾನವಾಗಿ ತುಟಿ ಆಡಿಸುತ್ತಿದ್ದರು. ಅವರಿಗೆ ಗೊತ್ತಾಗಿದೆಯೆಂದು ಫಕೀರಪ್ಪನಿಗೆ ತಿಳಿಯಲಿಲ್ಲ. ದಿನವೂ ಅಂಜಿಕೊಂಡೇ ಬರುತ್ತಿದ್ದ.

ಮುಂದೆ ಕಾರುಗಳ ಸ್ವಂತ ರೇಡಿಯೊದಲ್ಲೇ ಚಿತ್ರದ ಮಾತು ಕೇಳತೊಡಗಿತು. ತಂತಿ ಬೇಡವಾಯಿತು, ನಾವೂ ಬೇಡವಾದೆವು. ಕಂಬಗಳಿಂದ ನಮ್ಮನ್ನೆಲ್ಲ ಬಿಚ್ಚಿದ ದಿನ ತಿಮ್ಮಾಪುರ ಬಂದು, "ನಾಳಿಂದ ಗೇಟಿನ್ಯಾಗ ನಿಂದ್ರು. ಬಂದವ್ರಿಗೆ ಜಾಗಾ ತೋರಿಸು" ಎಂದರು.

ಫಕೀರಪ್ಪ ಕೈಯಲ್ಲಿದ್ದ ನನ್ನನ್ನು ಕೆಳಗಿಡಲಿಲ್ಲ. "ಅಲ್ಲಿ ಮಂದಿ ಕೇಳಿದ್ದಕ್ಕ ಉತ್ತರಾ ಕೊಡಬೇಕಾಗ್ತೈತ್ರಿ. ನನಗ ಕಿವಿ ಕೇಳಂಗಿಲ್ಲ. ಹತ್ತು ವರ್ಷಾತು. ನಿಮಗ ಮೋಸಾ ಮಾಡೇನಿ."

ತಿಮ್ಮಾಪುರ ಎರಡೂ ಕೈಯ ಬೆರಳುಗಳನ್ನು ಅಗಲಿಸಿ ತೋರಿಸಿದರು. ಆಮೇಲೆ ಇನ್ನೂ ಒಂದು ಬೆರಳು ಎತ್ತಿದರು. "ಹನ್ನೊಂದು" ಎಂದರು.

ನೀಲವ್ವ ಶೇಂಗಾದ ಬುಟ್ಟಿ ಇಳಿಸಿ ನೆಲದ ಮೇಲೆ ಕೂತುಬಿಟ್ಟಳು. "ಹನ್ನೊಂದು ವರ್ಷ ಇವ್ರ ಸಲುವಾಗಿ ಗಂಟಲಾ ಹರಕೊಂಡೆ. ಒಬ್ರರ ಬಾಯಿ ಬಿಡಬಾರದೇನ್ರಿ?"

ಉಳಿದವರೆಲ್ಲ ಗುಜರಿಗೆ ಹೋದರು. ನನ್ನನ್ನು ಫಕೀರಪ್ಪ ಮನೆಗೆ ತಂದ. ಈಗ ನಾನು ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಜಾಡಿಯ ಪಕ್ಕ ಇದ್ದೇನೆ. ಕೊಕ್ಕೆಗೆ ನೀಲವ್ವ ಜಾಲರಿ ಸೌಟು ತೂಗುಹಾಕುತ್ತಾಳೆ. ಎಷ್ಟೋ ಚಿತ್ರಗಳ ಅಳು, ನಗು, ಹಾಡು ನನ್ನೊಳಗಿಂದ ಹಾದುಹೋದವು. ಒಂದರ ಕಥೆಯೂ ಈಗ ನೆನಪಿಲ್ಲ. ನಾನು ಏನೂ ನುಡಿಯದೆ ಇದ್ದ ಆ ಒಂದು ಸಂಜೆ ಮಾತ್ರ ನೆನಪಿದೆ. ನನ್ನನ್ನು ಅಷ್ಟು ಸರಿಯಾಗಿ ಬೇರೆ ಯಾರೂ ಕೇಳಿಸಿಕೊಂಡಿರಲಿಲ್ಲ.