ಗರಸಿನ ಮೇಲೆ ಏಡಿ

ಆಮ್ರಪಾಲಿ ಏಡಿಯ ಬೆನ್ನು ಹಿಡಿದೆತ್ತಿ ಗುತ್ತಿಗೆದಾರ ಸಮ್ಮೇದನ ಮುಖದ ಹತ್ತಿರ ಒಯ್ದಳು. ಅವನು ಹಿಂದೆ ಸರಿದ.

"ದೂರ ಹಿಡೀರಿ. ನಮ್ಮ ಜೈನರ ಮನ್ಯಾಗ ಇದರ ಹೆಸರ ಸೈತ ಎತ್ತಂಗಿಲ್ಲ."

"ಹೆಸರ ಎತ್ತಬ್ಯಾಡ್ರಿ. ಮುಂಗಾಲ ನೋಡ್ರಿ."

ಇಕ್ಕಳದಂಥ ಮುಂಗಾಲುಗಳು ಬುಡಕ್ಕೇ ಮುರಿದಿದ್ದವು. ದಂಡೆಯ ಮೇಲೆ ದಿಕ್ಕುಗೆಟ್ಟು ಹರಿದಾಡುತ್ತಿದ್ದ ಉಳಿದ ಏಡಿಗಳಿಗೂ ಇರಲಿಲ್ಲ.

"ತಮ್ಮತಮ್ಮಾಗ ಬಡದಾಡಿರ್ತಾವು."

"ಎಲ್ಲಾನೂ? ಗೋಕಾಕ ಸಂತ್ಯಾಗ ಕೈ ಕಚ್ಚಬಾರದಂತ ಮುರದು ಮಾರ್ತಾರ್ರಿ. ತಿನ್ನೋ ಮಂದಿಗಿ ಗೊತ್ತಿರತೈತಿ."

ಇಟ್ಟಿಗೆ ಭಟ್ಟಿಯವರು ಬಗೆದು ಬೋಳು ಮಾಡಿದ್ದ ಧುಪದಾಳದ ಈ ಹೊಳೆದಂಡೆಗೆ ಎರಡು ಸಾವಿರದ ಇಸವಿಯಲ್ಲಿ ಸಮ್ಮೇದ ಹೊಳೆಮತ್ತಿ, ನೇರಳೆ ನೆಡಿಸಿದ್ದ. ಮೂರು ವರ್ಷಕ್ಕೆ ಗಿಡಗಳು ಆಳುದ್ದ ಎದ್ದಿದ್ದವು. ಕಾಡು ನೆಡುವ ಯೋಜನೆಯ ಕಡೆಯಿಂದ ಪರೀಕ್ಷೆಗೆ ಬಂದ ಆಮ್ರಪಾಲಿ ಕುಮಟೆಯಲ್ಲಿ ಉಪ್ಪುನೀರ ಕೆಸರಲ್ಲಿ ಬೆಳೆಯುವ ಕಾಂಡ್ಲಾವನದಲ್ಲಿ ಕೆಲಸ ಕಲಿತವಳು. ಮತ್ತೆ ನೆಟ್ಟ ಕಾಡು ಗೆದ್ದಿತೋ ಸೋತಿತೋ ಎಂದು ಅಲ್ಲಿ ಎಲೆ ನೋಡಿ ಹೇಳುತ್ತಿರಲಿಲ್ಲ. ಬೇರಿನ ಕೆಸರಲ್ಲಿ ಏಡಿ, ಬಸವನಹುಳು ಮನೆ ಮಾಡಿವೆಯೇ ಎಂದು ನೋಡುತ್ತಿದ್ದರು. ಇಲ್ಲೂ ಅದನ್ನೇ ನೋಡುತ್ತೇನೆಂದು ಹೋದ ವಾರ ಸಮ್ಮೇದನಿಗೆ ಹೇಳಿದ್ದಳು.

"ತರಿಸಿ ಬಿಟ್ಟೇನಿ, ಖರೆ," ಎಂದ ಸಮ್ಮೇದ. "ಸಾಯೋ ಜೀವಾ ಉಳಿಸಿದ್ನಿ. ಅದೂ ತಪ್ಪೇನ್ರಿ?"

"ಮುಂಗಾಲ ಇಲ್ದ ಹ್ಯಾಂಗ ಉಣ್ಣತಾವು? ನೀವ ತುತ್ತ ಮಾಡಿ ಹಾಕ್ತೀರೇನ?"

ಜೀಪಿನಲ್ಲಿ ಕೂತಿದ್ದ ಡ್ರೈವರ್ ಹನಮಂತ ನಕ್ಕ. ಸಮ್ಮೇದ ತಿರುಗಿ ನೋಡಿದೊಡನೆ ಕೆಮ್ಮಿದ.

ಆಮ್ರಪಾಲಿ ಹಿಮ್ಮಡಿಯಿಂದ ನೆಲ ಗುದ್ದಿದಳು. ಗರಸಿನ ಸಣ್ಣಕಲ್ಲುಗಳ ಸದ್ದು ಬಂತು.

"ಕೆಸರಿನ ಮ್ಯಾಲ ಗರಸ ಹಾಕಿ ಟ್ರ್ಯಾಕ್ಟರ್ ಹೊಡಸೀರಿ. ಇಲ್ಲಿ ಬಿಲಾ ತೋಡಬೇಕಾದ್ರ ಏಡಿ ಹಾರಿ-ಗುದ್ದಲಿ ತರಬೇಕು."

"ಗರಸ ಹಾಕದಿದ್ರ ಸಸಿ ತರೋ ಗಾಡಿ ಹುಗೀತಿತ್ತು. ಗಿಡಾ ಬಂದಾವಿಲ್ಲೊ?"

"ರಸ್ತಾದ ಬಾಜೂನೂ ಗಿಡಾ ಬರ್ತಾವು. ಹೊಳಿ ದಂಡಿ ಸತ್ತೈತಿ."

ಹೊಳೆಯ ಮೇಲ್ಭಾಗದಲ್ಲಿ ಇನ್ನೂ ಗಿಡ ನೆಡದ ದಂಡೆ ಸತ್ತಿರಲಿಲ್ಲ. ಕಾಲಿಟ್ಟರೆ ಹುಗಿಯುವ ಕೆಸರು, ತುಂಬ ಬಿಲ. ಇಲ್ಲಿ ಕಾಡು ಗೆದ್ದಿತೆಂದು ಆಮ್ರಪಾಲಿ ಹೇಳಿದರೆ ಅದೂ ಸಮ್ಮೇದನ ಗುತ್ತಿಗೆಗೆ ಸೇರುತ್ತಿತ್ತು. ಗರಸು ಹೇರಿದ ಟ್ರ್ಯಾಕ್ಟರುಗಳು ಆಗಲೇ ಅಲ್ಲಿ ನಿಂತಿದ್ದವು. ಸೋತಿತೆಂದರೆ ಯೋಜನೆ ನಿಲ್ಲುತ್ತಿತ್ತು, ಅದರ ಜೊತೆ ಅವಳ ಹಂಗಾಮಿ ನೌಕರಿಯೂ. ಅದು ಸಮ್ಮೇದನಿಗೂ ಗೊತ್ತು.

"ನಿಮ್ಮೂರ ತುಕ್ಕಾನಟ್ಟಿಗಿ ಹೊಳ್ಳಿ ಹೋಗಿ ಏನ ಮಾಡ್ತೀರಿ, ಮೇಡಮ್ಮಾರ? ನಿಮ್ಮವ್ವ ನಮ್ಮ ಹೊಲದಾಗ ಕಳೆ ತಗದಾಕಿ. ಮರೀಬ್ಯಾಡ್ರಿ."

"ಮರತಿಲ್ರಿ. ಯಾವುದು ಬೆಳಿ, ಯಾವುದು ಕಳೆ ಅಂತ ಆಕಿನ ಕಲಿಸಿದ್ದು."

ಸಮ್ಮೇದ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ದನಿ ತಗ್ಗಿಸಿದ.

"ಜಗಳ ಬ್ಯಾಡ. ಗೆದ್ದೈತಿ ಅನ್ರಿ. ಮ್ಯಾಲಿನ ದಂಡಿ ಕೆಲಸಕ್ಕ ನಿಮ್ಮನ್ನ ಮೇಲ್ವಿಚಾರಕಿ ಮಾಡಸ್ತೀನಿ, ಕೆಲಸ ಮುಗಿಯೂತನಕ ನೌಕರಿ ಗಟ್ಟಿ. ಗರಸನೂ ನೀವ ಹೇಳಿದಷ್ಟ ಹಾಕ್ತೀನಿ. ಅರ್ಧಾ ದಂಡಿ ಉಳೀತೈತಿ. ಏನಂತೀರಿ?"

"ಒಲ್ಲೆ," ಎಂದಳು ಆಮ್ರಪಾಲಿ.