ಒತ್ತಿ ಬಿಟ್ಟ ಗುಂಡಿ

ಮಂಗಳವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕರೆಂಟ್ ಇರುವುದಿಲ್ಲ ಎಂದು ಹಿಂದಿನ ದಿನದ ಪತ್ರಿಕೆಯಲ್ಲಿ ಬಂದಿತ್ತು. ಹಳದೀಪುರದ ವಿನೋದ ನಾಯ್ಕ ಅದನ್ನು ಓದಿ ರಜೆ ಹಾಕಿದ್ದ. ಎಂಟೂವರೆಗೇ ಜಗಲಿಯಲ್ಲಿ ಕೆಲಸ ಶುರು ಮಾಡಿದ್ದ. ಹೊನ್ನಾವರದ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನಾದ ಅವನಿಗೆ ಮರಗೆಲಸ ಕಸುಬಲ್ಲ. ಚೌತಿಗೆ ಎಂಟು ದಿನ ಉಳಿದಿತ್ತು, ಗಣಪತಿಯ ಮೇಲೆ ತೂಗುಹಾಕುವ ಫಲಾವಳಿಯ ಚೌಕಟ್ಟಿಗೆ ಗೆದ್ದಲು ಹಿಡಿದಿತ್ತು. ಸೌತೆ, ಹಾಗಲ, ತೆಂಗಿನಕಾಯಿ, ಅಡಿಕೆ ಗೊನೆ, ಕಾಡಿನಿಂದ ತಂದ ಕಾಯಿಗಳು ಎಲ್ಲ ಸೇರಿದರೆ ಅದು ಹೊರಬೇಕಾದ ಭಾರ ಕಡಿಮೆಯದಲ್ಲ. ಹೊಸದನ್ನು ತಾನೇ ಮಾಡುತ್ತೇನೆಂದು ಹೊರಟಿದ್ದ.

ಅವನ ಹತ್ತಿರ ಇದ್ದದ್ದು ಮೂರು ವರ್ಷದ ಹಿಂದೆ ಬಚ್ಚಲಿಗೆ ಟೈಲ್ಸ್ ಹಾಕಿಸುವಾಗ ಕುಮಟಾದಲ್ಲಿ ಕೊಂಡ ಕಟಿಂಗ್ ಮಶಿನ್. ಕಲ್ಲು ಕೊಯ್ಯುವ ಬ್ಲೇಡು ತೆಗೆದು ಮರಕ್ಕೆ ಬೇಕಾದ ಹಲ್ಲಿನ ಬ್ಲೇಡು ಹಾಕಿಕೊಂಡಿದ್ದ. ಆ ಬ್ಲೇಡು ಕೊಡುವಾಗ ಅಂಗಡಿಯವ ಹೇಳಿದ್ದ, ‘ಇದು ಕಲ್ಲಿಗೆ ಮಾಡಿದ್ದು ಮಾರಾಯ. ಮರಕ್ಕೆ ಹಚ್ಚಿದ್ರೆ ಜಿಗೀತದೆ, ಬ್ಲೇಡಿಗೆ ಪೂರ್ತಿ ಮುಚ್ಚಿಗೆನೂ ಇಲ್ಲ.’ ವಿನೋದ ಹೂಂ ಅಂದಿದ್ದ. ಆಸುಪಾಸಿನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ.

ಮಶಿನ್ನಿನ ಹಿಡಿಕೆಯ ಕೆಳಗೆ ಬೆರಳಿನಿಂದ ಒತ್ತಿ ಹಿಡಿಯುವ ಸ್ವಿಚ್ಚು, ಪಕ್ಕದಲ್ಲಿ ಒಂದು ಸಣ್ಣ ಗುಂಡಿ. ಸ್ವಿಚ್ಚು ಒತ್ತಿ ಆ ಗುಂಡಿಯನ್ನೂ ಒತ್ತಿದರೆ ಸ್ವಿಚ್ಚು ಒಳಗೇ ಕೂರುತ್ತದೆ, ಬೆರಳು ತೆಗೆದರೂ ಬ್ಲೇಡು ತಿರುಗುತ್ತಲೇ ಇರುತ್ತದೆ. ಮತ್ತೊಮ್ಮೆ ಸ್ವಿಚ್ಚು ಒತ್ತಿದರೆ ಮಾತ್ರ ಗುಂಡಿ ಹೊರಗೆ ಬರುತ್ತದೆ. ಬೆರಳು ನೋಯುತ್ತದೆಂದು ವಿನೋದ ಅದನ್ನು ಒತ್ತಿಕೊಂಡೇ ಕೆಲಸ ಮಾಡುತ್ತಿದ್ದ.

ಒಂಬತ್ತು ಐವತ್ತಕ್ಕೆ, ಹೇಳಿದ್ದಕ್ಕಿಂತ ಹತ್ತು ನಿಮಿಷ ಮೊದಲೇ, ಕರೆಂಟ್ ಹೋಯಿತು. ಬ್ಲೇಡು ಮರದ ರೀಪಿನ ಅರ್ಧದಲ್ಲಿ ನಿಧಾನವಾಗಿ ನಿಂತಿತು. ವಿನೋದ ಬೈದುಕೊಂಡು ಮಶಿನ್ನನ್ನು ಹೊರಗೆಳೆದ, ಪಕ್ಕದ ರೀಪುಗಳ ಮೇಲೆ ಅಡ್ಡ ಮಲಗಿಸಿದ. ಎರಡು ರೀಪು ಕಡಿಮೆ ಬೀಳುತ್ತಿದ್ದವು. ಹೇಗೂ ಐದರವರೆಗೆ ಕೆಲಸವಿಲ್ಲ ಎಂದು ನಿಧಾನವಾಗಿ ಚಹಾ ಕುಡಿದು, ಸ್ಕೂಟರ್ ತೆಗೆದು ಹೊನ್ನಾವರದ ಮರದ ಮಿಲ್ಲಿಗೆ ಹೊರಟ. ಹೆಂಡತಿ ಸೌಜನ್ಯಾ ಕುಮಟಾದ ಶಾಲೆಯಲ್ಲಿದ್ದಳು. ಮನೆಯಲ್ಲಿ ಉಳಿದವಳು ತಾಯಿ ಗಣಪಿ ಒಬ್ಬಳೇ, ವಯಸ್ಸು ಎಪ್ಪತ್ತೆರಡು.

ಮಿಲ್ಲಿನಲ್ಲಿ ಶ್ರೀಧರ ಆಚಾರಿ ದೊಡ್ಡ ಗರಗಸದ ಬುಡದಲ್ಲಿ ಸಿಕ್ಕಿಕೊಂಡ ಚಕ್ಕೆಯನ್ನು ತೆಗೆಯಲು ಹೊರಟಿದ್ದ. ಬಗ್ಗುವ ಮೊದಲು ಗೋಡೆಯವರೆಗೆ ನಡೆದುಹೋಗಿ ಗರಗಸದ ಮೇನ್ ಸ್ವಿಚ್ಚನ್ನು ಕೆಳಗೆಳೆದ.

‘ಕರೆಂಟೇ ಇಲ್ಲ, ಎಂತ ಆಫ್ ಮಾಡ್ತ್ರಿ ಆಚಾರ್ರೆ?’ ವಿನೋದ ನಕ್ಕ.

‘ಇಲ್ಲ ಅಂತ ಯಾರು ಹೇಳಿದ್ರು?’

‘ಪೇಪರಲ್ಲಿ ಬಂದಿತ್ತಲ್ಲ. ಐದರವರೆಗೆ ಇಲ್ಲ.’

‘ಪೇಪರಿಗೆ ಬೆರಳಿಲ್ಲ ಮಾರಾಯ. ನಂಗೆ ಅದೆ.’ ಆಚಾರಿ ಚಕ್ಕೆಗೆ ಕೈ ಹಾಕಿದ. ‘ಲೈನಿನ ಕೆಲಸ ಬೇಗ ಮುಗಿದ್ರೆ ಹನ್ನೊಂದಕ್ಕೇ ಕರೆಂಟ್ ಬಿಡ್ತರೆ. ನಿಂಗೆ ಫೋನ್ ಮಾಡಿ ಬಿಡ್ತರನಾ?’

ವಿನೋದನ ನಗು ಅಲ್ಲಿಗೇ ನಿಂತಿತು. ತನ್ನ ಮಶಿನ್ನಿನ ಗುಂಡಿ ಒಳಗೇ ಇದೆ. ಪ್ಲಗ್ಗೂ ತೆಗೆದಿಲ್ಲ. ಅದು ನಿಂತದ್ದು ಕರೆಂಟ್ ಹೋದದ್ದಕ್ಕೆ, ತಾನು ನಿಲ್ಲಿಸಿದ್ದಲ್ಲ. ಅಮ್ಮ ಬಚ್ಚಲ ಒಲೆಗೆಂದು ಮರದ ಹೊಟ್ಟು ಬಿಡುವವಳಲ್ಲ. ಅವನು ಗೇಟು ದಾಟುವಾಗ ಅವಳು ಜಗಲಿ ಗುಡಿಸಲೆಂದು ಹಿಡಿಸೂಡಿ ಹುಡುಕುತ್ತಿದ್ದಳು.

ಗಡಿಯಾರ ನೋಡಿದ. ಹತ್ತು ನಲವತ್ತೆರಡು.

ಅಮ್ಮನ ಬಳಿ ಫೋನಿಲ್ಲ. ಸೌಜನ್ಯಾ ತರಗತಿಯಲ್ಲಿದ್ದರೆ ಎತ್ತುವುದಿಲ್ಲ. ಪಕ್ಕದ ಮನೆಯ ಜಯಶ್ರೀಗೆ ಮಾಡಿದ. ಐದು ಸಲ ರಿಂಗಾಗಿ ನಿಂತಿತು. ಮತ್ತೆ ಮಾಡಿದ.

‘ಬಟ್ಟೆ ಒಣಗಿಸ್ತಿದ್ದೆ ವಿನೋದಣ್ಣ, ಎಂತ ಆತು?’

‘ನಮ್ಮನೆಗೆ ಓಡು. ಅಮ್ಮ ಜಗಲೀಲಿ ಇದ್ದಳನಾ ನೋಡು. ಮಶಿನ್ ಹತ್ರ ಹೋಗೂಕೆ ಬಿಡಬೇಡ. ಕರೆಂಟ್ ಬಂದ್ರೆ ಅದು ತಿರುಗ್ತದೆ.’

‘ಐದರವರೆಗೆ ಕರೆಂಟಿಲ್ಲ ಅಂದ್ರಲ್ಲ?’

‘ಓಡು ಜಯಶ್ರೀ!’

ಅವಳ ಚಪ್ಪಲಿಯ ಸದ್ದು, ನಾಯಿಯ ಬೊಗಳು, ಉಬ್ಬಸ ಎಲ್ಲ ಫೋನಿನಲ್ಲಿ ಕೇಳಿಸಿತು. ಗೇಟಿನ ಕಿರುಗುಟ್ಟುವಿಕೆಯೂ ಕೇಳಿಸಿತು. ಆಮೇಲೆ ಅವಳ ದನಿ ಇಳಿಯಿತು.

‘ವಿನೋದಣ್ಣ, ಗಣಪಕ್ಕ ಮಶಿನ್ ಎತ್ತಿ ತೊಡೆ ಮೇಲೆ ಇಟ್ಕಂಡು ಕೂತಿದ್ರು.’

‘ಎಂತಕ್ಕೆ?’

‘ಅಡೀಲಿ ಇದ್ದ ಹೊಟ್ಟು ಬಳೀತಿದ್ರು. ಬ್ಲೇಡಿಗೆ ಹತ್ತಿದ್ದನ್ನೂ ಬೆರಳಲ್ಲಿ ತೆಗೀತಿದ್ರು.’

ಮೇನ್ ಸ್ವಿಚ್ಚು ಇರುವ ಮೀಟರ್ ಬೋರ್ಡು ಜಗಲಿಯ ಗೋಡೆಯಲ್ಲೇ ಇತ್ತು, ಆದರೆ ಅವನು ಮಶಿನ್ ಮಲಗಿಸಿದ್ದು, ಈಗ ಅಮ್ಮ ಕೂತದ್ದು ಎರಡೂ ಅದರ ಬುಡದಲ್ಲಿ. ಕೈ ಚಾಚಬೇಕಾದರೆ ಅವಳ ಮೈಮೇಲೆಯೇ ಬಗ್ಗಬೇಕು. ಮಶಿನ್ನಿನ ವಯರು ಕಿಟಕಿಯೊಳಗಿಂದ ಹಾದು ಟಿ.ವಿ. ಹಿಂದಿನ ಪ್ಲಗ್ಗಿಗೆ ಹೋಗುತ್ತಿತ್ತು. ಹೊಟ್ಟು ಒಳಗೆ ಬಾರದಿರಲೆಂದು ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಅಡುಗೆಮನೆಯ ಕಡೆಯಿಂದ ಸುತ್ತಿಕೊಂಡೇ ಒಳಗೆ ಹೋಗಬೇಕು.

‘ವಯರ್ ಹಿಡಿದು ಎಳೀಲಾ?’ ಜಯಶ್ರೀ ಕೇಳಿದಳು.

‘ಬೇಡ! ಮಶಿನ್ನೇ ತಿರುಗಿ ಅವಳ ಮೇಲೆ ಬೀಳ್ತದೆ. ಮೊದ್ಲು ಕೆಳಗೆ ಇಡೂಕೆ ಹೇಳು. ಬ್ಲೇಡ್ ಮುಟ್ಟಬೇಡ ಅನ್ನು. ಆಮೇಲೆ ನೀ ಹಿಂದಿನಿಂದ ಹೋಗಿ ಪ್ಲಗ್ ಕಿತ್ತು ಬಿಡು. ಫೋನ್ ಜೋರಾಗಿ ಹಾಕು.’

ಜಯಶ್ರೀ ಸ್ಪೀಕರ್ ಹಾಕಿದಳು.

‘ಅಮ್ಮ, ಅದನ್ನ ಕೆಳಗೆ ಇಡು.’

‘ಫೋನಲ್ಲೂ ಬುದ್ಧಿ ಹೇಳೂಕೆ ಶುರು ಮಾಡ್ದ,’ ಗಣಪಿ ಜಯಶ್ರೀಗೆ ಹೇಳಿದಳು. ‘ಜಗಲಿ ತುಂಬ ಹೊಟ್ಟು ಮಾಡಿ ಹೋದ. ಬಳಿಯೂದು ಅವನ ಹೆಂಡ್ತಿನಾ?’

‘ಅಮ್ಮ, ಇಡು.’

‘ಕರೆಂಟಿಲ್ಲದ ಮಶಿನ್ ನನ್ನ ಎಂತ ಮಾಡ್ತದೋ? ಕಡೀತದನಾ?’

‘ಕಡೀತದೆ! ಇಡೇ ಅಂದ್ರೆ ಇಡೂಕೆ ಆಗೂದಿಲ್ಲನಾ ನಿಂಗೆ!’

ತಾಯಿಗೆ ಅವನು ಹಾಗೆ ಕಿರುಚಿದ್ದು ಎಂದೂ ಇಲ್ಲ. ಅತ್ತ ಕಡೆ ನೆಲಕ್ಕೆ ಧಡ್ ಎಂದು ಏನೋ ಕುಕ್ಕಿದ ಸದ್ದು.

‘ತಗ, ಇಟ್ಟೆ. ನಿನ್ನ ಮಶಿನ್ನು ನೀನೇ ತಲೆ ಮೇಲೆ ಹೊತ್ಕ.’

‘ಏಳು ಅಲ್ಲಿಂದ. ಜಯಶ್ರೀ, ನೀ ಹಿಂದಿನಿಂದ ಹೋಗು.’

‘ಹೋಗ್ತೆ. ಗಣಪಕ್ಕ, ಏಳಿ, ಕೈ ಕೊಡಿ.’

‘ನಂಗೆ ಯಾರ ಕೈನೂ ಬೇಡ. ಆ ಹಿಡಿಸೂಡಿ ತಗಳ್ತೆ, ತಡೆ.’

‘ಹಿಡಿಸೂಡಿ ಅಲ್ಲೇ ಇರಲಿ ಅಮ್ಮ!’

ಮಿಲ್ಲಿನ ಆಫೀಸು ಕೋಣೆಯಲ್ಲಿ ಬಲ್ಬು ಹೊತ್ತಿತು.

ಕರೆಂಟ್ ಬಂದದ್ದು ಗೊತ್ತಾಗಲೆಂದು ಅದರ ಸ್ವಿಚ್ಚನ್ನು ಹಾಕಿಯೇ ಬಿಟ್ಟಿದ್ದರು. ಊರಿನ ಎಲ್ಲ ಮನೆಗಳಲ್ಲೂ ಹಾಗೆಯೇ ಬಿಡುತ್ತಾರೆ. ಹೊನ್ನಾವರಕ್ಕೆ ಬಂದರೆ ಹಳದೀಪುರಕ್ಕೂ ಬಂತೆಂದೇ? ಎರಡೂ ಒಂದೇ ಲೈನೋ ಬೇರೆಯೋ ವಿನೋದನಿಗೆ ಗೊತ್ತಿರಲಿಲ್ಲ. ಆಚಾರಿಯ ಮುಖ ನೋಡಿದ. ಆಚಾರಿ ಬಲ್ಬನ್ನೇ ನೋಡುತ್ತಿದ್ದ.

ಅಷ್ಟರಲ್ಲಿ ಫೋನಿನಿಂದ ಮೋಟಾರಿನ ಕೂಗು ಬಂತು. ಅದರ ಮೇಲೆ ಏನೋ ಸೀಳಿದ ಸದ್ದು, ಅದರ ಮೇಲೆ ಹೆಂಗಸೊಬ್ಬಳ ಚೀತ್ಕಾರ. ಯಾರದೆಂದು ತಿಳಿಯಲಿಲ್ಲ. ಫೋನು ಎಲ್ಲಿಯೋ ಬಿದ್ದಿತು. ಮೋಟಾರು ಮಾತ್ರ ನಿಲ್ಲದೆ ಕೂಗುತ್ತಿತ್ತು. ಆಮೇಲೆ ಕರೆಯೇ ಕಡಿದುಹೋಯಿತು.

ಮತ್ತೆ ಮಾಡಿದ. ಮತ್ತೆ ಮತ್ತೆ ಮಾಡಿದ. ಎತ್ತಲಿಲ್ಲ.

ಹೊನ್ನಾವರದಿಂದ ಹಳದೀಪುರಕ್ಕೆ ಹೆದ್ದಾರಿಯಲ್ಲಿ ಹೆಚ್ಚೆಂದರೆ ಕಾಲು ಗಂಟೆ. ಸಣ್ಣ ಮಳೆ ಹನಿಯುತ್ತಿತ್ತು. ದಾರಿಯುದ್ದಕ್ಕೂ ಅಂಗಡಿಗಳಲ್ಲಿ ದೀಪ ಹೊತ್ತಿತ್ತು, ಒಂದು ಹೋಟೆಲಿನ ಮುಂದೆ ಕಬ್ಬಿನ ಗಾಣ ತಿರುಗುತ್ತಿತ್ತು. ಅಮ್ಮನ ಬಲಗೈ ಅವನ ಕಣ್ಣ ಮುಂದಿನಿಂದ ಹೋಗಲಿಲ್ಲ. ತೋರುಬೆರಳಿನ ಉಗುರಿನ ಹತ್ತಿರ ಮೀನು ಕೊಯ್ಯುವಾಗ ಆದ ಹಳೆಯ ಗಾಯ, ಸವೆದು ತೆಳ್ಳಗಾದ ಹಿತ್ತಾಳೆ ಉಂಗುರ. ಕತ್ತರಿಸಿದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯಲ್ಲಿ ಇಡಬೇಕೆಂದು ಎಲ್ಲೋ ಓದಿದ್ದ. ಮೀನು ಪೇಟೆಯಲ್ಲಿ ಮಂಜುಗಡ್ಡೆ ಸಿಗುತ್ತದೆ, ತಿರುಗಿ ಹೋಗಿ ತರಲೇ ಎಂದು ಯೋಚಿಸಿದ. ಸ್ಕೂಟರ್ ನಿಲ್ಲಿಸಲಿಲ್ಲ.

ಗೇಟು ತೆರೆದೇ ಇತ್ತು. ಮೋಟಾರಿನ ಸದ್ದಿರಲಿಲ್ಲ. ಅಂಗಳದ ಮೆಟ್ಟಿಲ ಮೇಲೆ ಜಯಶ್ರೀ ಕೂತು ಅಳುತ್ತಿದ್ದಳು. ಅವಳ ಪಕ್ಕದಲ್ಲಿ ಗಣಪಿ ನಿಂತಿದ್ದಳು. ಎರಡೂ ಕೈ ಇದ್ದವು. ರಕ್ತ ಎಲ್ಲಿಯೂ ಇರಲಿಲ್ಲ.

‘ಬಂದ್ಯಾ?’ ಗಣಪಿ ಕೇಳಿದಳು. ‘ಈ ಹುಡುಗಿಗೆ ನೀರು ಕೊಡು. ಪ್ಲಗ್ ಕಿತ್ತದ್ದು ಅವಳೇ, ಈಗ ನಡುಗ್ತಿದ್ದದ್ದೂ ಅವಳೇ.’

ಆದದ್ದು ಇಷ್ಟು. ಗಣಪಿ ಕಂಬ ಹಿಡಿದು ಎದ್ದು, ಬಗ್ಗಿ ಹಿಡಿಸೂಡಿ ಎತ್ತುವಾಗ ಮಶಿನ್ನು ಜೀವ ಬಂದಂತೆ ಕುಪ್ಪಳಿಸಿತು. ನೆಲದ ಮೇಲೆ ಬುಗುರಿಯಂತೆ ಸುತ್ತಿತು, ಹೊಸ ರೀಪೊಂದನ್ನು ಸೀಳಿತು, ಹಿಡಿಸೂಡಿಯನ್ನು ನಡುವೆ ಕೊಯ್ದು ಕಂಬಕ್ಕೆ ಬಡಿಯಿತು. ಫೋನನ್ನು ಅಂಗಳಕ್ಕೆ ಎಸೆದು ಜಯಶ್ರೀ ಮನೆಯ ಸುತ್ತ ಓಡಿದ್ದಳು. ಹಿಡಿಸೂಡಿಯ ಬುಡದ ತುಂಡು ಮೆಟ್ಟಿಲ ಮೇಲೆ ಬಿದ್ದಿತ್ತು. ಅದರ ಉದ್ದ ಒಂದು ಗೇಣು. ಗಣಪಿ ಹಿಡಿದುಕೊಂಡಿದ್ದ ತುಂಡು ಅದು.

ವಿನೋದ ಒಳಗೆ ಹೋಗಿ ಪ್ಲಗ್ಗನ್ನು ನೋಡಿದ. ಕಿತ್ತು ನೆಲದ ಮೇಲೆ ಬಿದ್ದಿತ್ತು. ಆದರೂ ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಚಿಲಕ ತೆಗೆದು ಜಗಲಿಗೆ ಬಂದ, ಅದು ಕಣ್ಣಿಗೆ ಕಾಣುತ್ತಿರಬೇಕಿತ್ತು. ಬಲಗೈಯಿಂದ ಮಶಿನ್ನಿನ ಸ್ವಿಚ್ಚು ಒತ್ತಿದ. ಟಕ್ ಎಂದು ಗುಂಡಿ ಹೊರಗೆ ಬಂತು. ಅಷ್ಟು ಸಣ್ಣ ಸದ್ದಿಗೆ ಮೂವರೂ ಬೆಚ್ಚಿದರು.

‘ಎಂತ ಅದು?’ ಗಣಪಿ ಕೇಳಿದಳು.

‘ಮಶಿನ್ನಿನ ಗುಂಡಿ. ಈಗ ಬಂದ್ ಮಾಡ್ದೆ.’

‘ಮತ್ತೆ ನೀ ಹೋಗೂವಾಗ?’

ವಿನೋದ ಪ್ಲಗ್ಗನ್ನು ಬಿಗಿಯಾಗಿ ಹಿಡಿದ. ಕರೆಂಟಿನವರು ಬೇಗ ಬಿಟ್ಟರೆಂದು ಹೇಳಬಹುದಿತ್ತು. ಪೇಪರಿನವರು ತಪ್ಪು ಹಾಕಿದರೆಂದೂ ಹೇಳಬಹುದಿತ್ತು.

‘ಮಾಡಿರ್ಲಿಲ್ಲ ಅಮ್ಮ. ಹಾಗೇ ಬಿಟ್ಟು ಹೋದೆ. ನೀ ತೊಡೆ ಮೇಲೆ ಇಟ್ಕಂಡಾಗಲೂ ಅದು ಚಾಲೂನೇ ಇತ್ತು. ಕರೆಂಟೊಂದು ಬರೂದು ಬಾಕಿ ಇತ್ತು.’

ಬೈಗುಳಕ್ಕೆ ಅವನು ಕಾದ. ಗಣಪಿ ಬೈಯಲಿಲ್ಲ. ಬ್ಲೇಡನ್ನು ನೋಡಿದಳು. ಹಲ್ಲುಗಳ ಸಂದಿನಲ್ಲಿ ಅವಳು ಬೆರಳಿನಿಂದ ತೆಗೆದು ಸ್ವಚ್ಛ ಮಾಡಿದಷ್ಟು ಭಾಗ ಹೊಳೆಯುತ್ತಿತ್ತು. ಉಳಿದದ್ದಕ್ಕೆ ಮರದ ಅಂಟು ಕೂಡಿದ ಹೊಟ್ಟು ಅಷ್ಟು ತಿರುಗಿದರೂ ಬಿಟ್ಟಿರಲಿಲ್ಲ. ಅವಳು ಒಂದು ಮೆಟ್ಟಿಲು ಕೆಳಗಿಳಿದಳು, ಮತ್ತೊಂದು ಇಳಿದಳು, ಅಂಗಳದ ಮಳೆಯಲ್ಲಿ ನಿಂತು ಬಲಗೈಯನ್ನು ಸೆರಗಿನೊಳಗೆ ಸುತ್ತಿ ಎದೆಗೆ ಒತ್ತಿಕೊಂಡಳು.

ವಿನೋದ ಕರೆದರೂ ಅವಳು ಜಗಲಿ ಹತ್ತಲಿಲ್ಲ.