ಕಂಬ ಮುಟ್ಟುವ ಓಟ

ನನ್ನ ತಮ್ಮ ಚಿತ್ರಕಲೆಯ ಮೇಷ್ಟ್ರು. ರಜೆ ಬಂತೆಂದರೆ ನೆಲದಡಿಯ ರೈಲಿನಲ್ಲೇ ವಾಸ. ಗೆಳೆಯರು ಅವನಿಗೆ ಹೆಗ್ಗಣ ಎಂದೇ ಹೆಸರಿಟ್ಟಿದ್ದಾರೆ. ವರ್ಷಕ್ಕೊಮ್ಮೆ ಇಂಥ ಹೆಗ್ಗಣಗಳೆಲ್ಲ ಸೇರಿ ಪಂದ್ಯ ಕಟ್ಟುತ್ತಾರೆ. ಜೋಡಿಯಾಗಿ ಹೊರಟು, ಪ್ರತಿ ನಿಲ್ದಾಣದಲ್ಲೂ ಇಳಿದು, ಪ್ಲಾಟ್‌ಫಾರಂ ಕಂಬ ಮುಟ್ಟಿ, ಬಾಗಿಲು ಮುಚ್ಚುವುದರೊಳಗೆ ಅದೇ ರೈಲು ಹತ್ತಬೇಕು. ತಪ್ಪಿದರೆ ಮುಂದಿನ ರೈಲಿಗೆ ಕಾಯಬೇಕು. ಎಲ್ಲರಿಗಿಂತ ಬೇಗ ಮುಗಿಸಿದವರಿಗೆ ಹಳೆಯ ಗಾರ್ಡೊಬ್ಬರ ಟೋಪಿ. ಅದೂ ತೂತು ಬಿದ್ದದ್ದು. ನಾನೇನು ಕಡಿಮೆಯವಳಲ್ಲ, ಹೊಲಿಗೆ ಬದಿಗಿಟ್ಟು ಅವನ ಜೊತೆ ಓಡುತ್ತೇನೆ.

ತಮ್ಮನಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಇಂಜೆಕ್ಷನ್ ತೆಗೆದುಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಸಕ್ಕರೆ ಇಳಿದು ಬೆವರುತ್ತಾನೆ, ಜನರ ಗುರುತು ತಪ್ಪುತ್ತದೆ, ಕಡೆಗೆ ಕುಸಿದುಬೀಳುತ್ತಾನೆ. ಈ ಸಲದ ಪಂದ್ಯದ ದಿನ ಇಂಜೆಕ್ಷನ್ ತೆಗೆದುಕೊಂಡು ಏನೂ ತಿನ್ನದೆ ಓಡುತ್ತಿದ್ದ.

"ಎರಡು ತುತ್ತು ತಿನ್ನೋ," ಎಂದೆ.

"ಮುಂದೆ ರೈಲು ಬದಲಾಯಿಸ್ತೀವಲ್ಲ, ಅಲ್ಲಿ ತಿಂತೀನಿ. ಶುರು ಮಾಡ್ಬೇಡ ಅಕ್ಕ."

ಓಡಲು ಹಗುರವಾಗಲೆಂದು ಫೋನು, ಗ್ಲೂಕೋಸ್ ಡಬ್ಬಿ ಎರಡನ್ನೂ ಅವನು ನನ್ನ ಚೀಲಕ್ಕೆ ತುರುಕಿದ್ದ.

ಮುಂದಿನ ನಿಲ್ದಾಣದಲ್ಲಿ ನಾನು ಕಂಬ ಮುಟ್ಟಿ ತಿರುಗುವಷ್ಟರಲ್ಲಿ ಬಾಗಿಲು ಮುಚ್ಚಿತು. ನಾನು ಹೊರಗೆ, ಅವನು ಒಳಗೆ. ಗಾಜಿನಾಚೆ ನಗುತ್ತಿದ್ದ. ಹಣೆಯ ತುಂಬ ಬೆವರು. ಆ ಬೆವರಿನ ಅರ್ಥ ನನಗೆ ಗೊತ್ತು. ಡಬ್ಬಿ ನನ್ನ ಚೀಲದಲ್ಲಿತ್ತು.

ಹಿಂದೆ ಬಂದ ರೈಲು ಹತ್ತಿ ಮುಂದಿನ ನಿಲ್ದಾಣದಲ್ಲಿ ಇಳಿದೆ. ಎದುರು ಹಳಿಯ ರೈಲು ಆಗಷ್ಟೇ ಹೊರಡುತ್ತಿತ್ತು, ಅದರ ಕಿಟಕಿಯಲ್ಲಿ ಅವನು! ನನ್ನನ್ನು ಹುಡುಕಿಕೊಂಡು ಹಿಂದಕ್ಕೆ ಹೊರಟಿದ್ದ. ನಾನೂ ಆ ಕಡೆಯ ರೈಲು ಹತ್ತಿ ಹಿಂದಿನ ನಿಲ್ದಾಣಕ್ಕೆ ಬಂದರೆ, ಮಹಾನುಭಾವ ಮತ್ತೆ ಮುಂದಕ್ಕೆ ಹೋಗುವ ರೈಲಿನಲ್ಲಿ. ದಾರಿ ಗೊತ್ತಿಲ್ಲದವರಾಗಿದ್ದರೆ ನಿಂತಲ್ಲೇ ನಿಲ್ಲುತ್ತಿದ್ದರು. ನಮಗೆ ಯಾವ ಬೋಗಿ ಮೆಟ್ಟಿಲ ಎದುರು ನಿಲ್ಲುತ್ತದೆ ಎನ್ನುವುದೂ ಬಾಯಿಪಾಠ. ಆ ಜಾಣತನವೇ ಕುತ್ತಾಯಿತು.

ಈ ಸಲ ಅವನು ನಗಲಿಲ್ಲ. ಗಾಜಿಗೆ ಹಣೆ ಒತ್ತಿ ನನ್ನತ್ತಲೇ ನೋಡಿದ. ಆ ಕಣ್ಣಲ್ಲಿ ನನ್ನ ಗುರುತೇ ಇರಲಿಲ್ಲ.

ಪ್ಲಾಟ್‌ಫಾರಂ ಕಾಯುವವನ ತೋಳು ಹಿಡಿದು ಎಲ್ಲ ಹೇಳಿದೆ.

"ಎಲ್ಲಾ ಸ್ಟೇಷನ್ನಿಗೂ ತಿಳಿಸ್ತೀನಮ್ಮ. ನೀವು ಮಾತ್ರ ಇಲ್ಲಿಂದ ಕದಲಬೇಡಿ," ಎಂದ.

ನಿಂತೆ. ಓಡುವುದು ಎಷ್ಟೋ ಸುಲಭ. ಒಂದು ರೈಲು ಬಂತು, ಅವನಿಲ್ಲ. ಇನ್ನೊಂದು ಬಂತು, ಇಲ್ಲ. ಯಾವುದೋ ಬೋಗಿಯ ಮೂಲೆಯಲ್ಲಿ ಕುಸಿದು ಕೂತಿರುತ್ತಾನೆ, ಜನ ನಿದ್ದೆ ಎಂದುಕೊಂಡಿರುತ್ತಾರೆ. ಅಮ್ಮನಿಗೆ ಯಾವ ಮುಖ ತೋರಿಸಲಿ? ಸುರಂಗದಿಂದ ಗಾಳಿ ಬಂದಾಗಲೆಲ್ಲ ಹಳಿಯತ್ತ ಬಗ್ಗಿ ನೋಡುತ್ತಿದ್ದೆ.

ಮತ್ತೊಂದು ರೈಲಿನ ಕೊನೆಯ ಬಾಗಿಲಿಂದ ಒಬ್ಬ ತೂರಾಡುತ್ತ ಇಳಿದ. ನೆಟ್ಟಗೆ ಹೋಗಿ ಕಂಬ ಮುಟ್ಟಿದ. ತಿರುಗಿ ಮತ್ತೆ ಬಾಗಿಲತ್ತ ಹೊರಟ. ನಾನು ಓಡಿಹೋಗಿ ತಮ್ಮನ ಕಾಲರ್ ಹಿಡಿದೆ.

"ಬಿಡ್ರೀ," ಎಂದು ಕೊಸರಾಡಿದ. ನಾಲಿಗೆ ತೊದಲುತ್ತಿತ್ತು. "ನಮ್ಮಕ್ಕ ಒಳಗಿದಾಳೆ. ಒಬ್ಳೇ ಇದಾಳೆ, ಹೆದರ್ಕೋತಾಳೆ."

ಹುಟ್ಟಿದಂದಿನಿಂದ ನನ್ನನ್ನು ಏಕವಚನ ಬಿಟ್ಟು ಕರೆದವನಲ್ಲ. ನೆಲದ ಮೇಲೆ ಕೂರಿಸಿ ಬಾಯಿಗೆ ಗ್ಲೂಕೋಸ್ ಹಾಕಿದೆ. ಬಾಗಿಲು ಮುಚ್ಚಿ ರೈಲು ಹೊರಟಿತು. ಅದನ್ನು ನೋಡುತ್ತ ಅವನು ಮಗುವಿನ ಹಾಗೆ ಅತ್ತ.

"ನಾನೇ ಕಣೋ," ಎಂದೆ.

ಅವನು ನಂಬಲಿಲ್ಲ. ನಂಬುವವರೆಗೆ ನಾನು ಕಾಲರ್ ಬಿಡಲಿಲ್ಲ.